ಪಾದದ ಸುತ್ತ ನಾಲ್ಕು ಕಸುಬು

ನಾನು ಪ್ರಾಸ್ಥೆಟಿಕ್ಸ್ ಮತ್ತು ಆರ್ಥಾಟಿಕ್ಸ್ ಓದಿದವಳು. ಕಳೆದುಹೋದ ಕಾಲಿಗೆ ಬದಲಿ ಕಾಲು ಮಾಡುವುದು, ಉಳಿದ ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್, ಸ್ಪ್ಲಿಂಟ್, ಪಾದರಕ್ಷೆಯೊಳಗೆ ಹಾಸುವ ಮೆತ್ತೆಗಳಾದ ಇನ್‌ಸೋಲ್‌ಗಳನ್ನು ಅಳತೆಗೆ ತಕ್ಕಂತೆ ತಯಾರಿಸುವುದು ನನ್ನ ಕಸುಬು. ಒಡಿಶಾದ ಕಟಕ್ ಜಿಲ್ಲೆಯ ಓಲಟ್‌ಪುರದಲ್ಲಿರುವ ರಾಷ್ಟ್ರೀಯ ಪುನರ್ವಸತಿ ಸಂಸ್ಥೆಯಲ್ಲಿ ನಾಲ್ಕೂವರೆ ವರ್ಷದ ಪದವಿ ಮುಗಿಸಿಕೊಂಡು ಬಂದು ಹುಬ್ಬಳ್ಳಿಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ತೆರೆದಾಗ, ಪೋಲಿಯೋ ಕಾಲಿನ ಕ್ಯಾಲಿಪರ್, ಅಪಘಾತದಲ್ಲಿ ಕಾಲು ಕಳೆದುಕೊಂಡವರ ಕೃತಕ ಕಾಲು, ಇಂಥ ಕೆಲಸಗಳೇ ಹೆಚ್ಚು ಬರುತ್ತವೆ ಎಂದುಕೊಂಡಿದ್ದೆ. ಬಂದವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು. ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐ.ಸಿ.ಎಂ.ಆರ್.) ಇಂಡಿಯಾಬ್ ಅಧ್ಯಯನ ಅಂದಾಜು ಮಾಡಿತು. ಕಾಯಿಲೆ ಹಳತಾದಂತೆ ಇವರಲ್ಲಿ ಅನೇಕರ ಪಾದದ ನರಗಳು ಮಂಕಾಗುತ್ತವೆ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಚಪ್ಪಲಿಯೊಳಗೆ ಹರಳು ಸೇರಿದರೂ ತಿಳಿಯುವುದಿಲ್ಲ. ದಡ್ಡುಗಟ್ಟಿದ ಚರ್ಮದ ಅಡಿಯಲ್ಲಿ ಹುಣ್ಣಾಗಿ ಸಾಕ್ಸಿಗೆ ಕಲೆ ಹತ್ತಿದ ಮೇಲೆಯೇ ಮನೆಯವರ ಕಣ್ಣಿಗೆ ಬೀಳುವುದು.

ಆ ಪಾದಗಳ ಸುತ್ತ ದುಡಿಯುವ ನಾವು ಕೆಲವರು, ಒಬ್ಬರ ರೋಗಿಯನ್ನು ಇನ್ನೊಬ್ಬರು ಸೆಳೆದುಕೊಳ್ಳುತ್ತಿದ್ದವರು, ವಾರಕ್ಕೊಮ್ಮೆ ಒಂದೇ ಕೋಣೆಯಲ್ಲಿ ಕೂರುವಂತಾದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪೈಪೋಟಿ ನಿಂತುಹೋಗಿದೆ ಎಂದು ಹೇಳುವ ಇರಾದೆ ನನಗಿಲ್ಲ, ಅದು ನಿಂತಿಲ್ಲ.

ಒಂದು ಪಾದಕ್ಕೆ ಕೈಹಾಕುವವರು ಯಾರು ಯಾರು ಎಂಬುದನ್ನು ಮೊದಲು ಹೇಳಬೇಕು. ಶುಗರ್ ನೋಡುವ ಡಾಕ್ಟರು ಔಷಧಿ ಬರೆದು, ಕಾಲು ಹುಷಾರು ಎಂದು ಹೇಳಿ ಕಳಿಸುತ್ತಾರೆ. ಹುಣ್ಣು ಬಂದರೆ ಶಸ್ತ್ರಚಿಕಿತ್ಸಕರು ಸತ್ತ ಮಾಂಸವನ್ನು ಕತ್ತರಿಸಿ ತೆಗೆಯುತ್ತಾರೆ. ಅವರ ಕೋಣೆಯ ಸಿಸ್ಟರ್ ಡ್ರೆಸಿಂಗ್ ಮಾಡುತ್ತಾರೆ, ದಡ್ಡನ್ನು ಹೆರೆಯುತ್ತಾರೆ, ಉಗುರು ತೆಗೆಯುತ್ತಾರೆ. ಫಿಸಿಯೋಥೆರಪಿಯವರು ನಡಿಗೆಯನ್ನು ತಿದ್ದುತ್ತಾರೆ, ಈಚೆಗೆ ಪಾದದ ಸ್ಕ್ಯಾನ್ ಯಂತ್ರ ಕೊಂಡು ಇನ್‌ಸೋಲ್ ಕೂಡ ಕೊಡುತ್ತಾರೆ. ನನ್ನಂಥವರು ಅಚ್ಚು ತೆಗೆದು ಇನ್‌ಸೋಲ್ ಮತ್ತು ಪಾದರಕ್ಷೆಯ ನಕ್ಷೆ ಮಾಡುತ್ತೇವೆ. ಅದನ್ನು ಕೊನೆಗೆ ಚಪ್ಪಲಿಯಾಗಿ ಕಟ್ಟಿಕೊಡುವವರು ಚಮ್ಮಾರರು. ಇವರ ಜೊತೆಗೆ 'ಡಯಾಬಿಟಿಕ್ ಚಪ್ಪಲಿ' ಎಂದು ಬೋರ್ಡು ಹಾಕಿಕೊಂಡ ಅಂಗಡಿಗಳಿವೆ, ಪೆಡಿಕ್ಯೂರ್ ಹೆಸರಿನಲ್ಲಿ ಬ್ಲೇಡು ಹಿಡಿಯುವ ಬ್ಯೂಟಿ ಪಾರ್ಲರ್‌ಗಳಿವೆ, ಆಣಿಗೆಂದು ಕಾರ್ನ್ ಕ್ಯಾಪ್ ಮಾರುವ ಮೆಡಿಕಲ್ ಶಾಪುಗಳಿವೆ. ಆ ಕ್ಯಾಪಿನಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಆಣಿಯ ಜೊತೆಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಸ್ಪರ್ಶ ಇಲ್ಲದ ಕಾಲಿಗೆ ಅದನ್ನು ಅಂಟಿಸಿಕೊಂಡು ಹುಣ್ಣು ಮಾಡಿಕೊಂಡು ಬಂದವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಕಾನೂನು ಕೂಡ ನಮ್ಮನ್ನು ಬೇರೆ ಬೇರೆ ಕಡೆ ಕೂರಿಸಿದೆ. ನನ್ನ ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, 1992ರ ಕಾಯ್ದೆಯ ಪ್ರಕಾರ. ನೋಂದಣಿ ಇಲ್ಲದೆ ಈ ಕೆಲಸ ಮಾಡಿದವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಎಂದು ಆ ಕಾಯ್ದೆ ಹೇಳುತ್ತದೆ. ಆ ಸಾವಿರ ರೂಪಾಯಿಗೆ ಇಂದು ಒಂದು ಜೊತೆ ಒಳ್ಳೆಯ ಇನ್‌ಸೋಲ್ ಕೂಡ ಬರುವುದಿಲ್ಲ. ಫಿಸಿಯೋಥೆರಪಿಯವರು ಸೇರುವುದು 2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಗೆ. ಪೋಡಿಯಾಟ್ರಿಸ್ಟ್, ಅಂದರೆ ಪಾದದ ಚಿಕಿತ್ಸಕ, ಎಂಬ ವೃತ್ತಿಯ ಹೆಸರೂ ಅದೇ ಕಾಯ್ದೆಯ ಪಟ್ಟಿಯಲ್ಲಿದೆ. ಸರ್ಜನ್‌ಗೆ ವೈದ್ಯಕೀಯ ಆಯೋಗ, ಸಿಸ್ಟರ್‌ಗೆ ನರ್ಸಿಂಗ್ ಪರಿಷತ್ತು. ಚಮ್ಮಾರನಿಗೆ ಯಾವುದೂ ಇಲ್ಲ. ಒಬ್ಬರ ಗಡಿ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆ ಎಂದು ಕೇಳಿದರೆ ಇವುಗಳಲ್ಲಿ ಯಾವ ಪುಸ್ತಕವೂ ಉತ್ತರ ಕೊಡುವುದಿಲ್ಲ.

ಬ್ರಿಟನ್ನಿನಲ್ಲಿ ಪೋಡಿಯಾಟ್ರಿ ತನ್ನದೇ ನೋಂದಣಿ, ತನ್ನದೇ ಪದವಿ ಇರುವ ವೃತ್ತಿ. ಅಲ್ಲಿ 2015ರಲ್ಲಿ ಹೊರಬಂದ ಮಧುಮೇಹಿ ಪಾದದ ಮಾರ್ಗಸೂಚಿ, ಹುಣ್ಣಿನಂಥ ಸಕ್ರಿಯ ತೊಂದರೆ ಕಂಡರೆ ಒಂದು ಕೆಲಸದ ದಿನದೊಳಗೆ ರೋಗಿಯನ್ನು ಪಾದದ ತಂಡಕ್ಕೆ ಕಳಿಸಬೇಕೆಂದು ಹೇಳುತ್ತದೆ. ನಮ್ಮಲ್ಲಿ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನಂಥ ಕಡೆ ಪೋಡಿಯಾಟ್ರಿಗೆ ಪ್ರತ್ಯೇಕ ವಿಭಾಗವೇ ಇದೆ. ಬೆಂಗಳೂರು ಬಿಟ್ಟು ಹೊರಬಂದರೆ ಅಂಥ ತಂಡವನ್ನು ಯಾರಾದರೂ ಕೈಯಾರೆ ಕಟ್ಟಿಕೊಳ್ಳಬೇಕು.

ನಾವು ಕಟ್ಟಿಕೊಳ್ಳುವ ಮೊದಲು ನಡೆಯುತ್ತಿದ್ದುದು ಹೀಗೆ. ಇನ್‌ಸೋಲ್ ಎಂಬುದು ಈ ಇಡೀ ವ್ಯವಹಾರದಲ್ಲಿ ಸುಲಭವಾಗಿ ಲಾಭ ತರುವ ವಸ್ತು. ಹುಣ್ಣು ಹೆರೆದು ಡ್ರೆಸಿಂಗ್ ಮಾಡುವುದಕ್ಕೆ ಹೊತ್ತು ಹಿಡಿಯುತ್ತದೆ, ವಾಸನೆ ಇರುತ್ತದೆ, ಸಿಗುವ ದುಡ್ಡು ಕಡಿಮೆ. ನಡಿಗೆ ತಿದ್ದುವುದಕ್ಕೆ ತಿಂಗಳುಗಟ್ಟಲೆ ಬೇಕು. ಇನ್‌ಸೋಲನ್ನು ಮಾತ್ರ ಒಮ್ಮೆ ಅಳತೆ ತೆಗೆದು ಒಮ್ಮೆ ಕೊಟ್ಟರೆ ಮುಗಿಯಿತು. ಆದ್ದರಿಂದ ಎಲ್ಲರ ಕಣ್ಣೂ ಅದರ ಮೇಲೆಯೇ. ಕೆಲವು ಕಡೆ ರೋಗಿಯನ್ನು ಕಳಿಸಿದ್ದಕ್ಕೆ ಇಂತಿಷ್ಟು ಎಂಬ ಲೆಕ್ಕವೂ ಇತ್ತು. ನನಗೂ ಅಂಥ ಫೋನುಗಳು ಬಂದಿವೆ, ಒಪ್ಪದಿದ್ದಾಗ ಆ ಕಡೆಯಿಂದ ರೋಗಿಗಳು ಬರುವುದು ತಾನಾಗಿ ನಿಂತಿದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ವಾಸಿಯಾದ ಹುಣ್ಣು ಮತ್ತೆ ಬಾಯಿಬಿಟ್ಟಾಗ ರೋಗಿ ಯಾರ ಬಳಿ ಹೋಗುತ್ತಾನೋ ಅವರು, 'ಇದನ್ನು ಕೊಟ್ಟವರು ಯಾರು?' ಎಂದು ಇನ್ನೊಬ್ಬರ ಇನ್‌ಸೋಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಿದ್ದರು. ಮರುಕಳಿಸಿದ ಹುಣ್ಣು ನಮ್ಮ ನಮ್ಮ ನಡುವಿನ ವ್ಯಾಜ್ಯದಲ್ಲಿ ಸಾಕ್ಷಿಯಾಗಿ ಬಳಕೆಯಾಗುತ್ತಿತ್ತು. ಅದು ಯಾಕೆ ಮರುಕಳಿಸಿತು ಎಂಬ ಪ್ರಶ್ನೆ ಅಲ್ಲೇ ಉಳಿಯುತ್ತಿತ್ತು.

ಒಬ್ಬ ನಿವೃತ್ತ ಬಸ್ ಚಾಲಕರು ಇದನ್ನೆಲ್ಲ ಒಂದು ಗೊಬ್ಬರದ ಚೀಲದಲ್ಲಿ ಹೊತ್ತು ತಂದರು ಎಂದರೆ ತಪ್ಪಾಗಲಾರದು. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಎಂಟಾಣೆ ಅಗಲದ ಹುಣ್ಣು, ಎರಡು ಸಲ ವಾಸಿಯಾಗಿ ಮೂರನೆಯ ಸಲ ಬಂದದ್ದು. ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರೆ ಐದು ಜೊತೆ ಪಾದರಕ್ಷೆ ಬಿದ್ದವು. ಸರ್ಜನ್ ಬರೆದುಕೊಟ್ಟ, ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ, ಅಂಗಡಿಯ ಡಯಾಬಿಟಿಕ್ ಚಪ್ಪಲಿ, ಸ್ಕ್ಯಾನ್ ಮಾಡಿ ಕೊಟ್ಟ ಇನ್‌ಸೋಲ್ ಇರುವ ಸ್ಪೋರ್ಟ್ಸ್ ಶೂ, ಮಗ ಆನ್‌ಲೈನಿನಲ್ಲಿ ತರಿಸಿದ ಜೆಲ್ ಹಾಸು ಹಾಕಿದ ಇನ್ನೊಂದು ಶೂ, ಮತ್ತು ನಾನೇ ಹಿಂದೊಮ್ಮೆ ಮಾಡಿಕೊಟ್ಟ ಜೊತೆ. ಸ್ಕ್ಯಾನಿನ ಇನ್‌ಸೋಲಿನ ಮೇಲೆ ಜೆಲ್ ಹಾಸನ್ನೂ ಹಾಕಿ ತುರುಕಿದ್ದರಿಂದ ಶೂ ಒಳಗೆ ಬೆರಳುಗಳಿಗೆ ಜಾಗವೇ ಉಳಿದಿರಲಿಲ್ಲ. ಕಿರುಬೆರಳ ಮೇಲೆ ಹೊಸ ಗಾಯದ ಗುರುತು ಬೇರೆ.

"ಎಲ್ಲಾರೂ ತಮ್ಮದ ಹಾಕ್ಕೋ ಅಂದ್ರಿ. ಯಾವ್ದ ಬಿಡ್ಲಿ, ಯಾವ್ದ ಹಿಡೀಲಿ, ಅದನ್ನ ಯಾರೂ ಹೇಳ್ಲಿಲ್ರೀ ಮೇಡಂ," ಎಂದರು.

ಆ ಐದೂ ಜೊತೆಗಳನ್ನು ಅದೇ ಚೀಲದಲ್ಲಿ ತುಂಬಿಕೊಂಡು, ಅವರನ್ನೂ ಕರೆದುಕೊಂಡು ಸರ್ಜನ್ ಬಳಿಗೆ ಹೋದೆ. ಅವರು ಪಾದದ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಪಡೆದು ಬಂದವರು, ಮುಂಗೋಪಿ, ಆದರೆ ಕೆಲಸದಲ್ಲಿ ಮೋಸ ಇಲ್ಲದವರು. ಚೀಲ ನೋಡಿ ನಕ್ಕರು, ನಂತರ ನಗು ನಿಲ್ಲಿಸಿದರು. ತಾವು ಬರೆದ ಚಪ್ಪಲಿಯನ್ನೇ ತಿರುವಿ ನೋಡಿದಾಗ ಅದರ ಮೆತ್ತೆ ಹೆಬ್ಬೆರಳ ಬುಡದಲ್ಲಿ ಕಾಗದದಷ್ಟು ತೆಳ್ಳಗಾಗಿತ್ತು. ಅದನ್ನು ಯಾವಾಗ ಬದಲಿಸಬೇಕೆಂದು ಯಾರೂ ಬರೆದಿರಲಿಲ್ಲ. ಫಿಸಿಯೋ ಅವರನ್ನೂ ಕರೆಸೋಣ ಎಂದು ನಾನೇ ಹೇಳಿದೆ. ಒಲ್ಲದ ಮನಸ್ಸಿನಿಂದ ಹೇಳಿದ್ದು ಅದು, ಏಕೆಂದರೆ ಆ ಯುವಕ ಸ್ಕ್ಯಾನ್ ಯಂತ್ರ ತಂದ ಮೇಲೆ ನನ್ನ ವ್ಯಾಪಾರಕ್ಕೆ ಚೆನ್ನಾಗಿಯೇ ಪೆಟ್ಟು ಬಿದ್ದಿತ್ತು.

ಮೊದಲ ಭೇಟಿಗಳಲ್ಲಿ ನಡೆದದ್ದು ಹೆಚ್ಚೂಕಡಿಮೆ ಜಗಳವೇ. ಪಾದಕ್ಕೆ ಪೂರಾ ಅಂಟಿಕೊಳ್ಳುವಂತೆ ಮೊಣಕಾಲ ಕೆಳಗಿನವರೆಗೆ ಹಾಕುವ ಪ್ಲಾಸ್ಟರಿನ ವಿಷಯದಲ್ಲಿ ಅದು ಶುರುವಾಯಿತು. ಅಂಗಾಲಿನ ಹುಣ್ಣಿಗೆ, ರಕ್ತಸಂಚಾರ ಚೆನ್ನಾಗಿದ್ದು ಸೋಂಕು ಇಲ್ಲದಿದ್ದರೆ, ರೋಗಿ ಬಿಚ್ಚಲಾಗದಂಥ ಈ ಬಗೆಯ ಸಾಧನವೇ ಮೊದಲ ಆಯ್ಕೆ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಅದು ಭಾರವನ್ನು ಇಡೀ ಅಂಗಾಲಿಗೂ ಮೀನಖಂಡಕ್ಕೂ ಹಂಚಿಬಿಡುತ್ತದೆ. ಹಾಗಾದರೆ ಅದನ್ನು ಹಾಕುವವರು ಯಾರು? ಪ್ಲಾಸ್ಟರ್ ಎಂದರೆ ಮೂಳೆ ಡಾಕ್ಟರ ಕೆಲಸ ಎಂದರು ಸರ್ಜನ್. ಅಚ್ಚು ಎಂದರೆ ನನ್ನ ಕೆಲಸ ಎಂದೆ ನಾನು. ಪ್ಲಾಸ್ಟರ್ ಹಾಕಿಕೊಂಡು ಆ ರೋಗಿ ಬೀಳದಂತೆ ನಡೆಯುವುದನ್ನು ಕಲಿಸುವವನು ನಾನು, ಆದ್ದರಿಂದ ಎತ್ತರ ನಾನು ಹೇಳಬೇಕು ಎಂದರು ಫಿಸಿಯೋ. ಮೂವರೂ ಹೇಳಿದ್ದು ಸರಿಯೇ. ಒಂದು ಕಾಲಿಗೆ ಪ್ಲಾಸ್ಟರ್ ಬಿದ್ದರೆ ಆ ಕಾಲು ಎತ್ತರವಾಗುತ್ತದೆ, ಇನ್ನೊಂದು ಕಾಲಿನ ಚಪ್ಪಲಿಗೆ ಅಷ್ಟೇ ದಪ್ಪದ ಅಟ್ಟೆ ಸೇರಿಸದಿದ್ದರೆ ಸೊಂಟ ಹಿಡಿದುಕೊಳ್ಳುತ್ತದೆ, ಮುದುಕರಾದರೆ ಬಿದ್ದೇ ಬೀಳುತ್ತಾರೆ.

ಕೊನೆಗೆ ಜಗಳ ತಣ್ಣಗಾದದ್ದು ದೊಡ್ಡ ಒಪ್ಪಂದದಿಂದೇನೂ ಅಲ್ಲ. ಸಿಸ್ಟರ್ ಒಂದು ಹಾಳೆಯ ಮೇಲೆ ಎರಡು ಪಾದದ ಚಿತ್ರ ಬರೆದು, ಅದರ ಕೆಳಗೆ ಗೆರೆ ಎಳೆದು, ಯಾರು ನೋಡಿದರು, ಏನು ಕಂಡಿತು, ಏನು ಕೊಟ್ಟರು, ಮುಂದೆ ಯಾವಾಗ ನೋಡಬೇಕು ಎಂದು ಖಾನೆ ಮಾಡಿಟ್ಟರು. ರೋಗಿ ಎಲ್ಲಿಗೆ ಹೋದರೂ ಆ ಹಾಳೆ ಜೊತೆಗೆ ಹೋಗಬೇಕು, ಯಾರು ಹೊಸ ಪಾದರಕ್ಷೆ ಕೊಟ್ಟರೂ ಹಳೆಯದನ್ನು ಏನು ಮಾಡಬೇಕೆಂದು ಅದರಲ್ಲಿ ಬರೆಯಲೇಬೇಕು. ನಮ್ಮ ಪದವಿಗಳಲ್ಲಿ ಯಾವುದೂ ಕಲಿಸದ ಈ ಉಪಾಯ ಕಲಿಸಿದ ಸಿಸ್ಟರ್ ಹೆಸರು ಆ ಹಾಳೆಯ ಮೇಲೆ ಎಲ್ಲಿಯೂ ಇಲ್ಲ.

ಹಾಳೆಯ ಮೊದಲ ಖಾನೆ ಸ್ಪರ್ಶದ್ದು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಬೇರೆ ಬೇರೆ ಜಾಗಗಳಿಗೆ ಒತ್ತಿ, ಕಣ್ಣು ಮುಚ್ಚಿದ ರೋಗಿಗೆ ತಿಳಿಯಿತೇ ಎಂದು ಕೇಳುವುದು. ಎಳೆ ಬಾಗುವವರೆಗೆ ಒತ್ತಬೇಕು, ಬಾಗಿದ ಕೂಡಲೇ ಎತ್ತಬೇಕು. ದಡ್ಡಿನ ಮೇಲೆ ಒತ್ತಿದರೆ ಪ್ರಯೋಜನವಿಲ್ಲ. ಎರಡನೆಯದು ರಕ್ತಸಂಚಾರದ್ದು. ಸರ್ಜನ್ ಇದರಲ್ಲಿ ಬಹಳ ಕಟ್ಟುನಿಟ್ಟು. ಸಕ್ಕರೆ ಕಾಯಿಲೆಯವರ ರಕ್ತನಾಳದ ಗೋಡೆಗೆ ಸುಣ್ಣ ಸೇರಿ ಗಟ್ಟಿಯಾಗಿರುವುದರಿಂದ ಕಣಕಾಲಿನ ರಕ್ತದೊತ್ತಡ ಸುಳ್ಳೇ ಹೆಚ್ಚಾಗಿ ತೋರಬಹುದು, ಆ ಅಂಕಿಯನ್ನು ನಂಬಿ ಯಾರೂ ಪ್ಲಾಸ್ಟರ್ ಬಿಗಿಯಬಾರದು ಎಂಬುದು ಅವರ ನಿಯಮ. ಸಂಶಯ ಬಂದವರನ್ನು ರಕ್ತನಾಳದ ತಜ್ಞರ ಬಳಿ ಕಳಿಸದೆ ನಾವು ಯಾರೂ ಮುಟ್ಟುವುದಿಲ್ಲ. ಇದೊಂದರಲ್ಲಿ ನಮ್ಮ ನಡುವೆ ಇವತ್ತಿನವರೆಗೆ ಭಿನ್ನಾಭಿಪ್ರಾಯ ಬಂದಿಲ್ಲ.

ಚಮ್ಮಾರ ಕಾಕಾನ ಮಾತಿಗೆ ಬರುತ್ತೇನೆ. ಈ ಕಥನದಲ್ಲಿ ಹೆಚ್ಚು ಹೇಳಬೇಕಾದದ್ದು ಇಲ್ಲಿಯೇ ಇದೆ. ಅವರ ಮೂಲ ಅಥಣಿಯ ಕಡೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ಅದರಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಅಥಣಿಯ ಸುತ್ತಿನ ಊರುಗಳಲ್ಲಿ ತಲೆಮಾರುಗಳಿಂದ ಆ ಚಪ್ಪಲಿ ಹೊಲಿಯುತ್ತ ಬಂದ ಮನೆತನಗಳಿವೆ, ಕಾಕಾನದು ಅಂಥದ್ದೊಂದು. ನನ್ನ ಎಂ.ಸಿ.ಆರ್. ಹಾಳೆಯನ್ನು, ಅಂದರೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರನ್ನು, ಮೊದಲ ಸಲ ಅವರ ಕೈಗೆ ಕೊಟ್ಟಾಗ ಹೆಬ್ಬೆರಳ ಉಗುರಿನಿಂದ ಒತ್ತಿ, ಉಗುರಿನ ಗುರುತು ನಿಧಾನವಾಗಿ ಮೇಲೇಳುವುದನ್ನು ನೋಡಿ, ಅಂಚನ್ನು ಹಲ್ಲಿನಿಂದ ಕಚ್ಚಿ ನೋಡಿದರು.

"ಅಕ್ಕಾರ, ಇದು ಮೆತ್ತಗ ಐತಿ ಖರೆ, ಆದ್ರ ಹೊಲಿಗಿ ಹಿಡಿಯಾಂಗಿಲ್ಲ. ದಾರ ಎಳದ ಕೂಡ್ಲೆ ಹರೀತೈತಿ. ಕೆಳಗ ಗಟ್ಟಿ ಅಟ್ಟಿ ಇರ್ಲಿ, ಹೊಲಿಗಿ ಅದಕ್ಕ ಬೀಳ್ಲಿ. ಇದನ್ನ ಮ್ಯಾಲೆ ಬರೇ ಅಂಟಸ್ರಿ, ತೇದ ಮ್ಯಾಲೆ ಕಿತ್ತು ಬ್ಯಾರೆ ಹಾಕಾಕ ಬರ್ತೈತಿ."

ಎಂ.ಸಿ.ಆರ್. ಚಪ್ಪಲಿಯ ಬಗ್ಗೆ ಪುಸ್ತಕದಲ್ಲಿ ನಾನು ಓದಿದ್ದೂ ಹೆಚ್ಚೂಕಡಿಮೆ ಅದೇ: ಮೇಲೆ ಮೆತ್ತನೆಯ ಪದರ, ಕೆಳಗೆ ಮುಳ್ಳು ತೂರದಂಥ ಗಟ್ಟಿ ಅಟ್ಟೆ, ಮೊಳೆಯನ್ನು ಎಲ್ಲಿಯೂ ಬಳಸಬಾರದು. ಮೆತ್ತೆ ತೇದ ಮೇಲೆ ಅದೊಂದನ್ನೇ ಕಿತ್ತು ಬದಲಿಸಬಹುದೆಂಬ ಮಾತು ಮಾತ್ರ ಅವರದು. ಅದರಿಂದ ರೋಗಿಗೆ ಬೀಳುವ ಖರ್ಚು ಚೆನ್ನಾಗಿಯೇ ಇಳಿಯಿತು. ಉಂಗುಟದ ವಿಷಯದಲ್ಲಿ ನಾನು ಹೇಳಿದ್ದನ್ನು ಅವರು ಒಪ್ಪುವುದಕ್ಕೆ ಹೊತ್ತು ಹಿಡಿಯಿತು. ಬೆರಳು ತೂರಿಸುವ ಉಂಗುಟ ಇಲ್ಲದ ಚಪ್ಪಲಿ ಅವರ ಕಣ್ಣಿಗೆ ಚಪ್ಪಲಿಯೇ ಅಲ್ಲ. ಸ್ಪರ್ಶ ಇಲ್ಲದ ಕಾಲಿನಲ್ಲಿ ಉಂಗುಟ ಬೆರಳ ಸಂದಿಯನ್ನು ತಿನ್ನುತ್ತದೆ, ಚಪ್ಪಲಿ ಕಳಚಿ ಬಿದ್ದರೂ ರೋಗಿಗೆ ತಿಳಿಯದೆ ಬರಿಗಾಲಲ್ಲಿ ನಡೆದುಬಿಡುತ್ತಾನೆ ಎಂದು ಚಾಲಕರ ಪಾದವನ್ನೇ ತೋರಿಸಿ ವಿವರಿಸಿದ ಮೇಲೆ, ಮೇಲೆ ಅಡ್ಡ ಎರಡು ಪಟ್ಟಿ, ಹಿಮ್ಮಡಿಗೆ ಒಂದು ಪಟ್ಟಿ, ಮೂರಕ್ಕೂ ವೆಲ್ಕ್ರೋ ಎಂದು ಅವರೇ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದರು.

ಮೊದಲ ಸಲ ಸರ್ಜನ್ ಕೋಣೆಗೆ ಕರೆದಾಗ ಕಾಕಾ ಬಾಗಿಲಲ್ಲೇ ನಿಂತರು. ಕುರ್ಚಿ ತೋರಿಸಿದರೆ ಕೂರಲಿಲ್ಲ. ಚರ್ಮದ ಕೆಲಸ ಮಾಡುವವರು ಎಲ್ಲಿ ನಿಲ್ಲಬೇಕು ಎಂಬ ಹಳೆಯ ನಿಯಮವನ್ನು ಆ ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ವೃತ್ತಿಗಳ ನಡುವಿನ ಸಹಕಾರ ಎಂದು ನಾವು ಮಾತಾಡುವಾಗ ಪದವಿ ಇರುವ ಮೂರು ನಾಲ್ಕು ಜನರ ನಡುವಿನ ಗಡಿ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಪದವಿ ಇರುವವರಿಗೂ ಇಲ್ಲದವರಿಗೂ ನಡುವಿನ ಗಡಿ ಅದಕ್ಕಿಂತ ಗಟ್ಟಿಯಾದದ್ದು. ಆ ಹೊತ್ತಿಗೆ ಸರ್ಜನ್ ತಾವೇ ಎದ್ದು ಪರೀಕ್ಷೆಯ ಮಂಚದ ಬಳಿ ಹೋಗಿ, ರೋಗಿಯ ಕಾಲನ್ನು ಹಿಡಿದು, "ಬರ್ರೀ ಕಾಕಾ, ಪಟ್ಟಿ ಎಲ್ಲಿ ಬರಬೇಕು, ನೀವ ಗುರುತ ಹಾಕ್ರಿ," ಎಂದು ಪೆನ್ನು ಕೊಟ್ಟರು. ಅವತ್ತಿನಿಂದ ಕಾಕಾ ಕುಳಿತೇ ಮಾತಾಡುತ್ತಾರೆ.

ಡಾಕ್ಟರೂ ಕುಶಲಕರ್ಮಿಯೂ ಹೀಗೆ ಕೂಡಿ ಕೆಲಸ ಮಾಡುವುದು ಹೊಸದೇನೂ ಅಲ್ಲ. ವೆಲ್ಲೂರಿನಲ್ಲಿ 1946ರಿಂದ ಎರಡು ದಶಕ ಕೆಲಸ ಮಾಡಿದ ಪಾಲ್ ಬ್ರಾಂಡ್, ಕುಷ್ಠರೋಗಿಗಳ ಪಾದ ಕೊಳೆಯುವುದು ರೋಗದಿಂದಲ್ಲ, ನೋವು ತಿಳಿಯದೆ ಪದೇ ಪದೇ ಬೀಳುವ ಒತ್ತಡದಿಂದ ಎಂದು ತೋರಿಸಿಕೊಟ್ಟವರು. ಸರ್ಜನ್ ಆಗುವ ಮೊದಲು ಬಡಗಿ ಕೆಲಸವನ್ನೂ ಕಲಿತಿದ್ದವರು. ಎಂ.ಸಿ.ಆರ್. ಚಪ್ಪಲಿ ರೂಪುಗೊಂಡದ್ದು ವೆಲ್ಲೂರು ಮತ್ತು ಅದರ ಬಳಿಯ ಕರಿಗಿರಿಯ ಆ ಕೆಲಸದಿಂದ, ಚಪ್ಪಲಿ ಮಾಡುವವರು ಪಕ್ಕದಲ್ಲಿದ್ದುದರಿಂದ. ಜೈಪುರ ಕಾಲು ಎಂಬ ಕೃತಕ ಕಾಲಿನ ಕತೆಯಲ್ಲಿ ಇನ್ನೊಂದು ಮುಖವಿದೆ. ಅದನ್ನು 1960ರ ದಶಕದ ಕೊನೆಯಲ್ಲಿ ಮೂಳೆ ಡಾಕ್ಟರ್ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಕೂಡಿ ರೂಪಿಸಿದರು. 1981ರ ಮ್ಯಾಗ್ಸೆಸೆ ಪ್ರಶಸ್ತಿ ಸೇಠಿಯವರಿಗೆ ಬಂತು. ಮಾಸ್ಟರ್‌ಜಿ ಎಂದು ಕರೆಸಿಕೊಂಡ ಶರ್ಮಾ ಅವರ ಹೆಸರು ನಮ್ಮ ಕಸುಬಿನವರ ಆಚೆ ಅಷ್ಟಾಗಿ ಯಾರಿಗೂ ತಿಳಿಯಲಿಲ್ಲ. ಸೇಠಿಯವರನ್ನು ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ. ಕೂಡಿ ಮಾಡಿದ ಕೆಲಸದ ಲೆಕ್ಕ ಮಾತ್ರ ಕೂಡಿ ಬರೆದದ್ದಾಗಿರುವುದಿಲ್ಲ, ಅಷ್ಟೆ. ಹಾಗಾಗಿ ನಮ್ಮ ಹಾಳೆಯಲ್ಲಿ ಕಾಕಾನ ಕೂಲಿಯನ್ನು ಮೊದಲ ಸಾಲಿನಲ್ಲಿ ಬರೆಯಬೇಕೆಂದು ನಾನು ಹಟ ಹಿಡಿದೆ. ಮೊದಲು ಅವರಿಗೆ ಸಿಗುತ್ತಿದ್ದುದು ಬಿಲ್ಲಿನಲ್ಲಿ ಉಳಿದದ್ದು.

ಫಿಸಿಯೋ ಮತ್ತು ನನ್ನ ನಡುವಿನದು ನೇರ ಪೈಪೋಟಿ. ಅವರ ಯಂತ್ರ ರೋಗಿಯನ್ನು ನಿಲ್ಲಿಸಿ ಅಂಗಾಲಿನ ಒತ್ತಡವನ್ನು ಕೆಂಪು, ಹಳದಿ, ನೀಲಿಯಲ್ಲಿ ಮುದ್ರಿಸಿ ಕೊಡುತ್ತದೆ. ರೋಗಿಗಳಿಗೆ ಆ ಬಣ್ಣದ ಕಾಗದ ಎಂದರೆ ಬಲು ಇಷ್ಟ; ನನ್ನ ಹ್ಯಾರಿಸ್ ಮ್ಯಾಟಿನ ಮೇಲೆ ಶಾಯಿಯಲ್ಲಿ ಮೂಡುವ ಕಪ್ಪು ಹೆಜ್ಜೆಗುರುತು ಅದರ ಮುಂದೆ ಬಡವನಂತೆ ಕಾಣುತ್ತದೆ. ಬರಿಗಾಲಲ್ಲಿ ನಿಂತಾಗಿನ ಒತ್ತಡಕ್ಕೂ, ಚಪ್ಪಲಿ ಹಾಕಿ ನಡೆಯುವಾಗಿನ ಒತ್ತಡಕ್ಕೂ ಬಹಳ ಅಂತರವಿದೆ ಎಂದು ನಾನು ವಾದಿಸುತ್ತಿದ್ದೆ. ನಿಮ್ಮ ಅಚ್ಚು ಕೂಡ ನಿಂತ ಪಾದದ್ದೇ ಅಲ್ಲವೇ ಎಂದು ಅವರು ತಿರುಗಿ ಕೇಳುತ್ತಿದ್ದರು. ಅವರು ಬೆಲೆ ಇಳಿಸಿದ್ದರಿಂದ ನಾನೂ ಇಳಿಸಬೇಕಾಯಿತು, ಇಳಿಸಿಯೂ ಬದುಕಿದ್ದೇನೆ. ಅಂದರೆ ಮೊದಲು ತೆಗೆದುಕೊಳ್ಳುತ್ತಿದ್ದ ಬೆಲೆಯಲ್ಲಿ ಅಷ್ಟು ಜಾಗವಿತ್ತು. ಪೈಪೋಟಿಯಿಂದ ರೋಗಿಗೆ ಆದ ಈ ಒಳಿತನ್ನು ಮರೆಮಾಚಿ ಸಹಕಾರವನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ಚಾಲಕರ ಹುಣ್ಣು ಪ್ಲಾಸ್ಟರಿನಲ್ಲಿ ವಾಸಿಯಾಯಿತು. ಹೊಸ ಚಪ್ಪಲಿ ಕಾಲಿಗೆ ಏರಿತು. ಹೆಬ್ಬೆರಳ ಬುಡದಲ್ಲಿ ಮೆತ್ತೆಗೆ ಸಣ್ಣ ಕುಳಿ, ಬೆರಳ ಬುಡಗಳಿಗಿಂತ ತುಸು ಹಿಂದೆ ಒಂದು ಉಬ್ಬು, ಕೆಳಗೆ ಮುಂದಕ್ಕೆ ಉರುಳುವಂತೆ ಬಾಗಿಸಿದ ಅಟ್ಟೆ. ಆ ಉಬ್ಬು ಅರ್ಧ ಬೆರಳಿನಷ್ಟು ಮುಂದೆ ಸರಿದರೂ ಒತ್ತಡ ತಗ್ಗುವ ಬದಲು ಏರುತ್ತದೆ. ಅದನ್ನು ಅಂಟಿಸುವಾಗ ಕಾಕಾ ಮತ್ತು ನಾನು ಇಬ್ಬರೂ ಬೆರಳಿಟ್ಟು ನೋಡಿಯೇ ಅಂಟಿಸಿದ್ದು. ಆದರೂ ಕೆಲವು ತಿಂಗಳಾದ ಮೇಲೆ ಅದೇ ಜಾಗದಲ್ಲಿ ದಡ್ಡು ಕಟ್ಟಿ, ಅದರ ನಡುವೆ ರಕ್ತದ ಕಪ್ಪು ಚುಕ್ಕೆ ಕಂಡಿತು.

ಹಿಂದಾಗಿದ್ದರೆ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುವ ಹೊತ್ತು ಅದು. ಈ ಸಲ ಹಾಳೆಯನ್ನು ಬಿಡಿಸಿ ಕುಳಿತೆವು. ಫಿಸಿಯೋ ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲನ್ನು ನೆಟ್ಟಗಿಟ್ಟು ಪಾದವನ್ನು ಮೇಲಕ್ಕೆ ಬಾಗಿಸಲು ನೋಡಿದರು. ಪಾದ ನೆಟ್ಟಗೆ ನಿಲ್ಲುವಷ್ಟೂ ಬರಲಿಲ್ಲ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬಿಗಿದುಕೊಂಡಿತ್ತು. ಹಾಗಿದ್ದಾಗ ಹೆಜ್ಜೆ ಇಡುವಾಗ ಹಿಮ್ಮಡಿ ಬೇಗ ಎದ್ದು ಇಡೀ ಮೈಭಾರ ಮುಂಗಾಲಿನ ಮೇಲೆ ಬೀಳುತ್ತದೆ, ಅದಕ್ಕೆ ಎಂಥ ಇನ್‌ಸೋಲೂ ಸಾಲುವುದಿಲ್ಲ. ಬಸ್ಸಿನ ಪೆಡಲಿನ ಮೇಲೆ ವರ್ಷಾನುಗಟ್ಟಲೆ ಕಾಲಿಟ್ಟದ್ದರಿಂದಲೋ, ಸಕ್ಕರೆ ಕಾಯಿಲೆಯಲ್ಲಿ ಸ್ನಾಯುರಜ್ಜು ಗಟ್ಟಿಯಾಗುವುದರಿಂದಲೋ ಎಂದು ಸ್ವಲ್ಪ ಚರ್ಚೆಯಾಯಿತು. ಮೊದಲು ವ್ಯಾಯಾಮ, ಅದರಿಂದ ಆಗದಿದ್ದರೆ ಆ ರಜ್ಜನ್ನು ಉದ್ದ ಮಾಡುವ ಸಣ್ಣ ಶಸ್ತ್ರಚಿಕಿತ್ಸೆ ಎಂದು ಸರ್ಜನ್ ಬರೆದರು. ಎರಡನೆಯ ಕಾರಣವನ್ನು ಹೇಳಿದ್ದು ಚಾಲಕರ ಹೆಂಡತಿ. "ಮನ್ಯಾಗ ಯಾರ್ರೀ ಚಪ್ಪಲ ಹಾಕ್ಕೋತಾರ? ದೇವರ ಮನಿ ಐತಿ, ಅಡಗಿ ಮನಿ ಐತಿ. ದಿನಾ ಸಂಜೀಕ ಗುಡಿಗೆ ಬ್ಯಾರೆ ಹೋಗ್ತಾರ, ಬರಿಗಾಲ್ಲೆ," ಎಂದರು. ದಿನದ ಹೆಚ್ಚಿನ ಹೊತ್ತು ಬರಿಗಾಲಲ್ಲಿ ಇರುವವನಿಗೆ ಹೊರಗಿನ ಚಪ್ಪಲಿಯನ್ನು ಎಷ್ಟು ಚೆನ್ನಾಗಿ ಮಾಡಿದರೇನು? ಬರೀ ಮನೆಯೊಳಗೆ ಹಾಕಿಕೊಳ್ಳಲೆಂದು, ಚರ್ಮ ಬಳಸದೆ, ಅದೇ ಮೆತ್ತೆಯ ಇನ್ನೊಂದು ಜೊತೆಯನ್ನು ಕಾಕಾ ಮಾಡಿಕೊಟ್ಟರು. ಚರ್ಮ ಇಲ್ಲ ಎಂಬ ಕಾರಣಕ್ಕೆ ಅಡುಗೆ ಮನೆಗೂ ಅದು ಒಪ್ಪಿಗೆಯಾಯಿತು. ಗುಡಿಯ ವಿಷಯದಲ್ಲಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕಾಲಿಡದಂತೆ ದಪ್ಪ ಸಾಕ್ಸು ಹಾಕಿ ಸೂರ್ಯ ಮುಳುಗಿದ ಮೇಲೆ ಹೋಗುವುದು ಎಂಬಷ್ಟಕ್ಕೆ ರಾಜಿಯಾಯಿತು.

ಈಗ ಗುರುವಾರದ ಮಧ್ಯಾಹ್ನಗಳಲ್ಲಿ ಸರ್ಜನ್ ಕೋಣೆಯಲ್ಲೇ ನಾವೆಲ್ಲ ಸೇರುತ್ತೇವೆ. ಹುಣ್ಣು ಒಮ್ಮೆ ಬಂದು ವಾಸಿಯಾದವರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ, ಸ್ಪರ್ಶ ಮಾತ್ರ ಹೋಗಿ ಬೇರೇನೂ ತೊಂದರೆ ಇಲ್ಲದವರನ್ನು ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ನೋಡುವುದೆಂಬ ಮಾರ್ಗಸೂಚಿಯ ಲೆಕ್ಕವನ್ನು ಹಾಳೆಗೆ ಸೇರಿಸಿದ್ದೇವೆ. ಸ್ಕ್ಯಾನ್ ಯಂತ್ರ ಫಿಸಿಯೋ ಬಳಿಯೇ ಇದೆ. ನಾನು ಮಾಡಿದ ಇನ್‌ಸೋಲ್ ಕೆಲಸ ಮಾಡುತ್ತಿದೆಯೇ ಎಂದು ನಡಿಗೆಯನ್ನು ನೋಡಿ ಹೇಳುವವರು ಅವರು, ಅದಕ್ಕೆ ಅವರ ಶುಲ್ಕ ಬೇರೆ. ಚಪ್ಪಟೆ ಪಾದದ ಮಕ್ಕಳು, ಹಿಮ್ಮಡಿ ನೋವಿನವರು ಮುಂತಾದವರ ಇನ್‌ಸೋಲನ್ನು ಅವರೇ ಕೊಡುತ್ತಾರೆ, ನಾನೂ ಕೊಡುತ್ತೇನೆ. ಆ ಮಾರುಕಟ್ಟೆಯಲ್ಲಿ ನಮ್ಮಿಬ್ಬರ ಪೈಪೋಟಿ ಹಾಗೆಯೇ ಇದೆ, ಇರಲಿ. ಸ್ಪರ್ಶ ಇಲ್ಲದ ಪಾದ ಬಂದರೆ ಮಾತ್ರ ಹಾಳೆ ಇಲ್ಲದೆ ಇಬ್ಬರೂ ಏನನ್ನೂ ಕೊಡುವುದಿಲ್ಲ.

ಬೆಂಗಳೂರಿನಲ್ಲಿ ಪೋಡಿಯಾಟ್ರಿಯಲ್ಲಿ ತರಬೇತಿ ಪಡೆದ ಒಬ್ಬ ಯುವತಿ ಈಚೆಗೆ ಊರಿಗೆ ಬಂದು ಕ್ಲಿನಿಕ್ ತೆರೆದಿದ್ದಾರೆ. ದಡ್ಡು ಹೆರೆಯುವುದರಲ್ಲಿ, ಉಗುರಿನ ಕೆಲಸದಲ್ಲಿ ಅವರ ಕೈ ನಮ್ಮೆಲ್ಲರಿಗಿಂತ ಚೊಕ್ಕ. ಅವರು ಬಂದದ್ದರಿಂದ ಫಿಸಿಯೋಗೆ ಕಸಿವಿಸಿ, ಸಿಸ್ಟರ್‌ಗೆ ತನ್ನ ಕೆಲಸ ಹೋದೀತೆಂಬ ಅಳುಕು, ನನಗೂ ಒಂದು ಲೆಕ್ಕಾಚಾರ. ಇನ್‌ಸೋಲಿಗೆ ಏನೇನು ಬೇಕೆಂದು ಅವರು ಬರೆಯುವುದು, ಅಚ್ಚು ತೆಗೆದು ಮಾಡುವುದು ನಾನು, ಪ್ಲಾಸ್ಟರನ್ನು ಇಬ್ಬರೂ ಕಲಿತು ಹಾಕುವುದು ಎಂಬಲ್ಲಿಗೆ ಮಾತು ಬಂದಿದೆ. ಬಿಸಿ ಮಾಡಿ ಕಾಲಿಗೆ ಹೊಂದಿಸುವ ಸಿದ್ಧ ಇನ್‌ಸೋಲನ್ನು ತಮ್ಮ ಕ್ಲಿನಿಕ್ಕಿನಲ್ಲೇ ಕೊಡುತ್ತೇವೆ ಎಂದು ಅವರು ಕೇಳಿದ್ದಾರೆ, ನಾನು ಇನ್ನೂ ಒಪ್ಪಿಲ್ಲ. ಬರುವ ಗುರುವಾರ ಅದೇ ವಿಷಯ ಇದೆ. ಕಾಕಾ ತಮ್ಮ ಕೂಲಿಯನ್ನು ಹೆಚ್ಚಿಸಬೇಕೆಂದು ಕೇಳಿರುವುದೂ ಅವತ್ತೇ ತೀರ್ಮಾನವಾಗಬೇಕು.